ಡೂಮ್: 2016ರದ್ದೋ, ಎಟರ್ನಲ್ಲೋ?

ಧಾರವಾಡದ ಸಪ್ತಾಪುರದ ಬಾಡಿಗೆ ಕೋಣೆಯಲ್ಲಿ ಹಳೆಯ ಕಂಪ್ಯೂಟರ್ ಇಟ್ಟುಕೊಂಡು ‘ರಾಕ್ಷಸರನ್ನು ಗುಂಡಿಟ್ಟು ಕೊಲ್ಲುವ ಡೂಮ್ ಕಂಪ್ಯೂಟರ್ ಆಟಗಳೆರಡರಲ್ಲಿ ಯಾವುದು ಕೊಳ್ಳಲಿ’ ಎಂದು ಕೇಳಿದ್ದೀಯಲ್ಲ ತಮ್ಮಾ, ಮೊದಲು ಗ್ರಾಫಿಕ್ಸ್ ಕಾರ್ಡ್ (ಪರದೆಯ ಚಿತ್ರ ಮೂಡಿಸುವ ಭಾಗ) ನೋಡಿಕೋ. 2016ರ ಡೂಮ್‌ಗೆ ಕನಿಷ್ಠ ಎನ್ವಿಡಿಯಾ ಕಂಪನಿಯ ಜಿಟಿಎಕ್ಸ್ 670 ಕಾರ್ಡ್ ಸಾಕು. 2020ರ ಡೂಮ್ ಎಟರ್ನಲ್ ಜಿಟಿಎಕ್ಸ್ 1050 ಟಿಐ ಕೇಳುತ್ತದೆ. ರ‍್ಯಾಮ್ ಎರಡಕ್ಕೂ ಕನಿಷ್ಠ 8 ಜಿಬಿ. ಐವತ್ತು ಜಿಬಿಗೂ ಹೆಚ್ಚು ಇಳಿಸಿಕೊಳ್ಳಬೇಕಾದ್ದರಿಂದ ಮೊಬೈಲ್ ಡೇಟಾ ನಂಬಿ ಕೂರಬೇಡ.

ನಿಜವಾದ ವ್ಯತ್ಯಾಸ ಆಟದ ಗತಿಯಲ್ಲಿದೆ. ಮೊದಲನೆಯದರಲ್ಲಿ ಇಷ್ಟವಾದ ಒಂದೇ ಬಂದೂಕು ಹಿಡಿದು ಬಹುದೂರ ಸಾಗಬಹುದು. ಎಟರ್ನಲ್ ಹಾಗೆ ಬಿಡುವುದಿಲ್ಲ: ಗುಂಡು ಬೇಗ ಮುಗಿಯುತ್ತದೆ. ರಾಕ್ಷಸರನ್ನು ಗರಗಸದಿಂದ ಕೊಯ್ದರೆ ಗುಂಡು, ಬೆಂಕಿ ಹಚ್ಚಿದರೆ ರಕ್ಷಾಕವಚ, ಕೈಯೇಟಿನ ಅಂತಿಮ ಹೊಡೆತದಿಂದ ಮುಗಿಸಿದರೆ ಆರೋಗ್ಯ ಸಿಗುತ್ತದೆ. ಇವನ್ನೆಲ್ಲ ಓಡುತ್ತಲೇ ಮಾಡಬೇಕು. ಸಂಜೆ ಹುಬ್ಬಳ್ಳಿಯ ವಾಹನದಟ್ಟಣೆಯ ಚೆನ್ನಮ್ಮ ವೃತ್ತ ದಾಟುವವನ ಹಾಗೆ ಎಲ್ಲ ದಿಕ್ಕಿಗೂ ಕಣ್ಣಿರಬೇಕು. ಮರಾಡರ್ ಎಂಬ ವೈರಿಯಂತೂ ಸರಿಯಾದ ಕ್ಷಣಕ್ಕೆ ಕಾಯದವನನ್ನು ಸುಮ್ಮನೆ ಬಿಡುವುದಿಲ್ಲ. ಈ ಕಟ್ಟುನಿಟ್ಟು ನನಗೆ ಹಿಡಿಸಿತು; ಆದರೆ ನಡುನಡುವೆ ಬರುವ ನೆಗೆದಾಟ, ಗೋಡೆ ಹತ್ತುವಿಕೆ ಬೇಸರ ತರಿಸಿತು.

ಕಥೆಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಡ. ಮಂಗಳ ಗ್ರಹದ ಭೀಕರ ವಾತಾವರಣ ಬೇಕಿದ್ದರೆ ಮೊದಲನೆಯದು ಮೇಲು.

ಓದಿನ ನಡುವೆ ಅರ್ಧ ಗಂಟೆ ಆಡಿ ಏಳುವವನಿಗೆ, ಈ ಬಗೆಯ ಆಟಕ್ಕೆ ಹೊಸಬನಿಗೆ 2016ರದ್ದು ಹೊಂದುತ್ತದೆ. ಅದನ್ನು ಮುಗಿಸಿ ಸುಲಭವಾಯಿತೆಂದು ಗೊಣಗುವವನಿಗೆ ಎಟರ್ನಲ್. ಗೆಳೆಯರೊಡನೆ ಆಡುವ ಆಸೆಯಿದ್ದರೆ ಎಟರ್ನಲ್‌ನಲ್ಲಿ ಒಬ್ಬನ ವಿರುದ್ಧ ಇಬ್ಬರು ರಾಕ್ಷಸರಾಗುವ ಬ್ಯಾಟಲ್‌ಮೋಡ್ ಇದೆ.