ಮಗುವಿನ ಕಸ್ಟಡಿ ಜಗಳ: ಬೆಂಗಳೂರು ಮಧ್ಯಸ್ಥಿಕೆ ಕೇಂದ್ರದ ಸೇವೆ ಹೇಗಿದೆ?

ಸಿದ್ದಯ್ಯ ರಸ್ತೆಯ ನ್ಯಾಯದೇಗುಲ ಕಟ್ಟಡದಲ್ಲಿರುವ, ಎರಡೂ ಕಡೆಯವರನ್ನು ಮಾತುಕತೆಯಿಂದ ಒಪ್ಪಂದಕ್ಕೆ ತರುವ ಈ ಕೇಂದ್ರ 2007ರಿಂದ ಕೆಲಸ ಮಾಡುತ್ತಿದೆ. ಮಗು ಯಾರ ಬಳಿ ಇರಬೇಕೆಂಬ ತಕರಾರಿಗೆ ತೀರ್ಪು ಬರಲೆಂದು ವರ್ಷಗಟ್ಟಲೆ ಕಾಯುವ ಬದಲು ಮೊದಲು ಇಲ್ಲಿಗೆ ಬರುವುದೇ ಮೇಲು. ಆದರೆ ಒಪ್ಪಂದದಲ್ಲಿ ಏನು ಬರೆಸುತ್ತೀರಿ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಸಾಮಾನ್ಯವಾಗಿ ಕೌಟುಂಬಿಕ ನ್ಯಾಯಾಲಯವೇ ಕೇಸನ್ನು ಇಲ್ಲಿಗೆ ಕಳಿಸುತ್ತದೆ. ಕಳಿಸಿ ಎಂದು ವಕೀಲರ ಮೂಲಕ ನೀವೂ ಕೇಳಬಹುದು. ಕೋರ್ಟಿನಿಂದ ಬಂದ ಕೇಸುಗಳಿಗೆ ಶುಲ್ಕವಿಲ್ಲ. ಅವಧಿ 60 ದಿನ, ಬೇಕಾದರೆ ಕೋರ್ಟು ವಿಸ್ತರಿಸುತ್ತದೆ. ಮಧ್ಯಸ್ಥಗಾರರು ಇಬ್ಬರನ್ನೂ ಒಟ್ಟಿಗೆ ಕೂರಿಸುತ್ತಾರೆ, ಬೇರೆ ಬೇರೆಯಾಗಿಯೂ ಮಾತಾಡಿಸುತ್ತಾರೆ. ಅಲ್ಲಿ ಆಡಿದ ಮಾತು ಮುಂದೆ ಸಾಕ್ಷ್ಯವಾಗುವುದಿಲ್ಲ. ಹೊಡೆತ, ಬೆದರಿಕೆ ನಡೆದಿದ್ದರೆ ಎದುರುಬದುರು ಕೂರಲಾರೆ ಎಂದು ಮೊದಲೇ ಹೇಳಿ. ಮುಗಿಸಿಬಿಡೋಣ ಎಂಬ ಒತ್ತಡಕ್ಕೆ ಮಣಿದು ಸಹಿ ಹಾಕಬೇಡಿ.

‘ವಾರಾಂತ್ಯದಲ್ಲಿ ಭೇಟಿ’ ಎಂದಷ್ಟೇ ಬರೆದ ಒಪ್ಪಂದ ಹೆಚ್ಚು ದಿನ ಬಾಳುವುದಿಲ್ಲ. 2ನೇ ಮತ್ತು 4ನೇ ಶನಿವಾರ ಬೆಳಿಗ್ಗೆ 10ರಿಂದ ಭಾನುವಾರ ಸಂಜೆ 5ರವರೆಗೆ, ಎಲ್ಲಿಂದ ಕರೆದೊಯ್ಯುವುದು, ಯಾರು ವಾಪಸ್ ಬಿಡುವುದು, ಮಗುವಿಗೆ ಜ್ವರ ಬಂದರೆ ತಪ್ಪಿದ ಭೇಟಿ ಯಾವ ವಾರಕ್ಕೆ ಎಂಬಷ್ಟು ಬಿಡಿಸಿ ಬರೆಸಿ. ದಸರಾ ರಜೆ, ಬೇಸಿಗೆ ರಜೆಯ ಹಂಚಿಕೆ, ಹುಟ್ಟುಹಬ್ಬ, ವಿಡಿಯೋ ಕರೆಯ ವೇಳೆ, ಶಾಲೆ ಬದಲಿಸಲು ಇಬ್ಬರ ಒಪ್ಪಿಗೆ ಬೇಕೇ, ಫೀಸು ಯಾರು ಯಾವ ತಾರೀಖಿನೊಳಗೆ ಕಟ್ಟಬೇಕು, ಇವೂ ಇರಲಿ. ಮಗುವಿನ ಪಾಸ್‌ಪೋರ್ಟ್ ಯಾರ ಬಳಿ ಇರಬೇಕು, ವಿದೇಶಕ್ಕೆ ಕರೆದೊಯ್ಯಲು ಇಬ್ಬರ ಒಪ್ಪಿಗೆ ಬೇಕೇ ಎಂಬ ಷರತ್ತನ್ನು ಬಹಳ ಮಂದಿ ಮರೆಯುತ್ತಾರೆ. ಒಬ್ಬರು ವಿದೇಶದಲ್ಲಿದ್ದರೆ ಅದೇ ಎಲ್ಲಕ್ಕಿಂತ ಮುಖ್ಯ: ಹೆತ್ತವರಲ್ಲಿ ಒಬ್ಬರು ಬೇರೆ ದೇಶಕ್ಕೆ ಒಯ್ದ ಮಗುವನ್ನು ವಾಪಸ್ ಕಳಿಸಲು ದೇಶಗಳು ಮಾಡಿಕೊಂಡ, ಮಕ್ಕಳ ಅಪಹರಣ ಕುರಿತ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ. ಗಡಿ ದಾಟಿದ ಮಗುವನ್ನು ವಾಪಸ್ ತರುವುದು ತೀರಾ ಕಷ್ಟ.

ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಎಂದು 1956ರ ಹಿಂದೂ ಅಪ್ರಾಪ್ತರ ಕಾಯ್ದೆ ಹೇಳುತ್ತದೆ. ಇದನ್ನೇ ಹಿಡಿದು ತಾಯಿಗೆ ಸದಾ ಕಸ್ಟಡಿ ಖಚಿತವೆಂದೋ, ಐದು ತುಂಬಿದೊಡನೆ ಮಗು ತಂದೆಗೆಂದೋ ವಾದಿಸುವವರಿದ್ದಾರೆ. ಎರಡೂ ತಪ್ಪು, ಕೋರ್ಟು ಮೊದಲು ನೋಡುವುದು ಮಗುವಿನ ಹಿತವನ್ನು.

ಈ ಸೇವೆಯ ದೊಡ್ಡ ಮಿತಿಯೆಂದರೆ, ಸಹಿಯಾದ ಮೇಲೆ ಒಪ್ಪಂದ ಪಾಲನೆಯಾಗುತ್ತಿದೆಯೇ ಎಂದು ಕೇಂದ್ರ ನೋಡುವುದಿಲ್ಲ. ಯಾರಾದರೂ ಮುರಿದರೆ ಮತ್ತೆ ಕೋರ್ಟಿಗೇ ಹೋಗಬೇಕು. ಒಪ್ಪಂದದ ಮೇಲೆ ಕೋರ್ಟು ಹೊರಡಿಸುವ ಕಸ್ಟಡಿ ಆದೇಶವನ್ನು ಪರಿಸ್ಥಿತಿ ಬದಲಾದಾಗ ಮಾರ್ಪಡಿಸಲು ಅವಕಾಶವಿದೆ. ಹಾಗಾಗಿ ಮಗು ಹೈಸ್ಕೂಲು ಸೇರುವಾಗ ವೇಳಾಪಟ್ಟಿಯನ್ನು ಕೂತು ಮರುಪರಿಶೀಲಿಸಬೇಕೆಂಬ ಒಂದು ಸಾಲನ್ನು ಈಗಲೇ ಸೇರಿಸಿಕೊಳ್ಳಿ.