ಮೊದಲನೇ ಬೈಕೇ 400 ಸಿಸಿ ಆಗ್ಬೇಕಾ? 160, 350, 400 ಮೂರೂ ಓಡಿಸಿದ್ಮೇಲೆ ಬರೀತಿದೀನಿ

ಮೊದ್ಲೇ ಹೇಳ್ಬಿಡ್ತೀನಿ, ನನ್ ಓಟು 160ಕ್ಕೆ. ಅದನ್ನೇ ತಗೊಂಡಿದೀನಿ, ಆರಾಮಾಗಿದೀನಿ, ಹಾಗಾಗಿ ಇದನ್ನ ಜಡ್ಜ್‌ಮೆಂಟ್ ಅಂತ ಓದ್ಬೇಡಿ. ಆದ್ರೆ ಮೂರನ್ನೂ ಸರಿಯಾಗೇ ಓಡಿಸಿದೀನಿ. ನನ್ನದು ಅಪಾಚೆ ಆರ್‌ಟಿಆರ್ 160 4ವಿ. ತಿಪಟೂರಲ್ಲಿರೋ ತಮ್ಮಂದು ಹಂಟರ್ 350. ಮೂರನೇದು ಆಫೀಸಿನ ಹುಡುಗಂದು, 400 ಸಿಸಿ ನೇಕೆಡ್ (ಮೈಮೇಲೆ ಕವಚ ಇಲ್ದಿರೋ) ಬೈಕು. ಅವ್ನು ಆನ್‌ಸೈಟ್ ಹೋಗ್ವಾಗ ನಮ್ಮ ಬಿಲ್ಡಿಂಗ್ ಬೇಸ್‌ಮೆಂಟಲ್ಲಿ ನಿಲ್ಸಿ "ಅಕ್ಕಾ, ಆಗಾಗ ಒಂದ್ ರೌಂಡ್ ಹೊಡೀತಿರಿ, ಇಲ್ಲಾಂದ್ರೆ ಬ್ಯಾಟರಿ ಕೂತೋಗತ್ತೆ" ಅಂತ ಕೀ ಕೊಟ್ಟು ಹೋದ. ಅದ್ರ ಮಾಡೆಲ್ ಹೆಸರು ಬೇಡ ಬಿಡಿ, ಆ ಕ್ಲಾಸಲ್ಲಿರೋದಕ್ಕೆಲ್ಲ ಹೆಚ್ಚುಕಮ್ಮಿ ಅದೇ ಗುಣ.

ನಾನು ವರ್ಷಗಟ್ಲೆ ಗೇರ್ ಇಲ್ದಿರೋ ಸ್ಕೂಟರ್ ಓಡಿಸ್ಕೊಂಡು ಬಂದೋಳು, ಕ್ಲಚ್ಚು ಗೇರು ಕಲ್ತಿದ್ದು ಮೂವತ್ತು ದಾಟಿದ್ಮೇಲೆ. ಎತ್ತರ ಐದಡಿ ಮೂರಿಂಚು. ದಿನಾ ನಾಗರಬಾವಿಯಿಂದ ಪೀಣ್ಯ, ಮನಸ್ಸಾದಾಗ ಬಿ.ಎಚ್. ರೋಡಲ್ಲಿ ಊರು. ನಿಮ್ಮ ಲೆಕ್ಕ ಬೇರೆ ಇದ್ರೆ ನನ್ನ ಉತ್ತರಾನೂ ಸ್ವಲ್ಪ ಬೇರೆ ಆಗತ್ತೆ.

ಟೀ ಅಂಗಡೀಲಿ ಎಲ್ರೂ ಸಿಸಿ ಲೆಕ್ಕದಲ್ಲೇ ಮಾತಾಡೋದು, ಅಲ್ಲೇ ಎಡವಟ್ಟು. 350 ಅಂದ್ರೆ 160ರ ಡಬಲ್ ಪವರ್ ಅಂದ್ಕೊಂಡಿರ್ತಾರೆ. ಹಂಟರ್ 349 ಸಿಸಿ ಇದ್ರೂ ಕೊಡೋದು 20 ಎಚ್‌ಪಿ ಚಿಲ್ರೆ, ತೂಕ 181 ಕೆಜಿ. ನನ್ನ 160 ಸ್ಪೋರ್ಟ್ ಮೋಡಲ್ಲಿ 17.55 ಪಿಎಸ್ (ಹೆಚ್ಚುಕಮ್ಮಿ ಎಚ್‌ಪಿನೇ) ಕೊಡತ್ತೆ, ತೂಕ 145 ಕೆಜಿ ಆಸುಪಾಸು. ತೂಕಕ್ಕೆ ಪವರ್ ಭಾಗಿಸಿ ನೋಡಿ, ಎರಡೂ ಒಂದೇ ದರ್ಜೆ, ಹಾಗ್ ನೋಡಿದ್ರೆ 160ದೇ ಒಂದ್ ಕೈ ಮೇಲು. ಆ 400 ಇದ್ಯಲ್ಲ, ಅದು 40 ಎಚ್‌ಪಿ, ತೂಕ 170 ಚಿಲ್ರೆ. ಅಂದ್ರೆ ಒಂದೊಂದ್ ಕೆಜಿಗೂ ಡಬಲ್ ಪವರ್. 'ಪವರ್‌ಫುಲ್ ಬೈಕ್ ಬಿಗಿನರ್‌ಗೆ ಆಗತ್ತಾ' ಅಂತ ಕೇಳೋರು ಈ 400ರ ಬಗ್ಗೆ ಕೇಳ್ಬೇಕು, 350 ಬಗ್ಗೆ ಅಲ್ಲ. 350ರಲ್ಲಿ ತೊಂದ್ರೆ ಇದ್ರೆ ಅದು ತೂಕದ್ದು, ಪವರಿಂದಲ್ಲ.

ಈಗ ನನ್ನ ತಲೆ ತಿಂದ ವಿಷ್ಯಕ್ಕೆ ಬರ್ತೀನಿ. ಹಂಪು.

ಪವರ್ ಜಾಸ್ತಿ ಅಂದ ತಕ್ಷಣ ಎಲ್ರೂ ಟಾಪ್ ಸ್ಪೀಡ್ ಬಗ್ಗೆ ಹೆದರಿಸ್ತಾರೆ, "ನಿಧಾನಕ್ಕೆ ಓಡ್ಸಿದ್ರೆ ಆಯ್ತಪ್ಪ" ಅಂತ ಉಪದೇಶ ಬೇರೆ. ನಿಧಾನಕ್ಕೆ ಓಡಿಸೋವಾಗ್ಲೇ ಇದ್ರ ಕಾಟ ಶುರುವಾಗೋದು. ನಮ್ಮ ಏರಿಯಾ ಒಳರಸ್ತೆ ಹಂಪ್‌ಗಳು ಗೊತ್ತಲ್ಲ, ಬಣ್ಣ ಇಲ್ಲ, ಬೋರ್ಡ್ ಇಲ್ಲ, ಯಾರೋ ಮನೆ ಮುಂದೆ ರಾತ್ರೋರಾತ್ರಿ ಡಾಂಬರು ಸುರ್ದಿರೋವು. ಮುಂದಿನ ಚಕ್ರ ಹಂಪ್ ಹತ್ತಿ ಇಳಿಯೋ ಹೊತ್ತಿಗೆ ಮೈ ಒಂದ್ ಚೂರು ಹಿಂದಕ್ಕೆ ವಾಲತ್ತೆ, ಹೊಸಬ್ರು ಬೀಳ್ತೀವೇನೋ ಅಂತ ಹ್ಯಾಂಡಲ್ ಗಟ್ಟಿ ಹಿಡೀತೀವಿ, ಗಟ್ಟಿ ಹಿಡಿದು ಹಿಂದಕ್ಕೆ ವಾಲಿದ್ರೆ ಬಲಗೈ ಮಣಿಕಟ್ಟು ಕೆಳಗೆ ಜಗ್ಗತ್ತೆ, ಮಣಿಕಟ್ಟು ಜಗ್ಗಿದ್ರೆ ಥ್ರಾಟಲ್ (ಆಕ್ಸಿಲರೇಟರ್) ತಾನಾಗೇ ತಿರುಗತ್ತೆ. 160ರಲ್ಲಿ ಇಷ್ಟಾದ್ರೆ ಇಂಜಿನ್ ಒಂದ್ಸಲ ಗುರ್ ಅನ್ನತ್ತೆ, ಬೈಕು ಒಂದೆರಡು ಅಡಿ ಮುಂದೆ ಹೋಗತ್ತೆ, ಅಷ್ಟೇ. ಎಷ್ಟೋ ಸಲ ಆಗಿದ್ದೇ ಗೊತ್ತಾಗಿರಲ್ಲ. 400ರಲ್ಲಿ ಅದೇ ಕಾಲಿಂಚು ತಿರುವಿಗೆ ಬೈಕು ಎಗರತ್ತೆ. ಎಗರಿದ ತಕ್ಷಣ ಮೈ ಇನ್ನೂ ಹಿಂದಕ್ಕೆ, ಕೈ ಇನ್ನೂ ಕೆಳಗೆ, ಥ್ರಾಟಲ್ ಇನ್ನೂ ಜಾಸ್ತಿ. ಬೇಡ ಬೇಡ ಅಂತ ಮನಸ್ಸು ಕೂಗ್ತಿದ್ರೂ ಕೈ ಮಾತ್ರ ತಿರುವ್ತಾನೇ ಇರತ್ತೆ. ನನಗೆ ಹಾಗಾದಾಗ ಎದುರಿಗೆ ಎಳನೀರು ಗಾಡಿ ಇತ್ತು, ಎಡಗೈ ಎರಡು ಬೆರಳು ಹೇಗೋ ಕ್ಲಚ್ ಮೇಲೇ ಇದ್ದಿದ್ದಕ್ಕೆ ಅದನ್ನ ಒತ್ತಿ ಬಚಾವಾದೆ. ಗಾಡಿಯವನು ಮಚ್ಚು ಕೈಯಲ್ಲೇ ಹಿಡ್ಕೊಂಡು ನೋಡಿದ ನೋಟ ಇದ್ಯಲ್ಲ, ಬೇಡ ಬಿಡಿ.

ಇದಕ್ಕೆ ಮದ್ದು ಇದೆ. ಮೊಣಕೈ ಸ್ವಲ್ಪ ಮಡಚಿರ್ಬೇಕು, ಹಿಡಿತ ಸಡಿಲ ಇರ್ಬೇಕು, ಮೈ ಭಾರ ಕೈ ಮೇಲೆ ಬಿಡ್ದೆ ಮಂಡಿಯಿಂದ ಟ್ಯಾಂಕ್ ಹಿಡೀಬೇಕು, ಹಂಪ್ ಮೇಲೆ ಎರಡು ಬೆರಳು ಕ್ಲಚ್ಚಲ್ಲಿ. ಆದ್ರೆ ಇದು ಓದಿ ಬರೋದಲ್ಲ, ಮೈಗೆ ಹತ್ಬೇಕು, ಹತ್ತೋವರ್ಗೂ ತಪ್ಪಾಗ್ತಾನೇ ಇರತ್ತೆ. ಆ ತಪ್ಪುಗಳನ್ನ ಯಾವ ಬೈಕ್ ಮೇಲೆ ಮಾಡ್ತೀರಿ ಅನ್ನೋದೇ ವಿಷ್ಯ.

"ಟ್ರ್ಯಾಕ್ಷನ್ ಕಂಟ್ರೋಲ್ ಇದ್ಯಲ್ಲ, ಎಬಿಎಸ್ ಇದ್ಯಲ್ಲ" ಅಂತಾರೆ. ಎಬಿಎಸ್ ಚಕ್ರ ಲಾಕ್ ಆಗೋದನ್ನ ತಡೆಯತ್ತೆ, ಟ್ರ್ಯಾಕ್ಷನ್ ಕಂಟ್ರೋಲ್ ಹಿಂದಿನ ಚಕ್ರ ಜಾರಿ ಸುತ್ತೋದನ್ನ ತಡೆಯತ್ತೆ. ಒಣ ರಸ್ತೇಲಿ ಚಕ್ರ ಜಾರದೇ ಬೈಕ್ ಮುಂದಕ್ಕೆ ನುಗ್ಗಿದ್ರೆ, ನೀವು ಬೇಕು ಅಂತ ತಿರುವಿದ್ರಾ ಬೇಡ ಅಂತ ತಿರುವಿದ್ರಾ ಅಂತ ಅದಕ್ಕೆಲ್ಲಿ ಗೊತ್ತಾಗ್ಬೇಕು. ರೇನ್ ಮೋಡ್ ಹಾಕಿದ್ರೆ ಮಾತ್ರ ಪರವಾಗಿಲ್ಲ, ಥ್ರಾಟಲ್ ಮೆದು ಆಗತ್ತೆ, ಅದನ್ನ ಒಪ್ಕೋತೀನಿ. ಆದ್ರೆ ಅಷ್ಟು ದುಡ್ಡು ಕೊಟ್ಟು ತಂದೋರು ಯಾರೂ ರೇನ್ ಮೋಡಲ್ಲೇ ಇರಲ್ಲ.

ಇನ್ನು ಗೊರಗುಂಟೆಪಾಳ್ಯ ಜಾಮ್. ಈ 400ರ ಇಂಜಿನ್‌ಗೆ ಮೇಲಿನ ಆರ್‌ಪಿಎಮ್ಮೇ ಇಷ್ಟ, 3000ದ ಕೆಳಗೆ ಕೆಮ್ಮತ್ತೆ, ಚೈನ್ ಟಕ್ ಟಕ್ ಅಂತ ಎಳೆಯತ್ತೆ. ಹಾಗಾಗಿ ಜಾಮಲ್ಲಿ ಫಸ್ಟ್ ಗೇರ್, ಹಾಫ್ ಕ್ಲಚ್, ಫಸ್ಟ್ ಗೇರ್, ಹಾಫ್ ಕ್ಲಚ್. ಸಿಮ್ ಇಲ್ಲದ ಗ್ಯಾಸ್ ಸ್ಟೌ ಮೇಲೆ ಹಾಲು ಕಾಯಿಸ್ದಂಗೆ, ಒಂದ್ ನಿಮಿಷ ಕಣ್ಣು ಆಚೀಚೆ ಮಾಡೋ ಹಾಗಿಲ್ಲ. ರೇಡಿಯೇಟರ್ ಫ್ಯಾನ್ ಬಿಸಿಗಾಳಿ ಕಾಲಿಗೆ. ಹಂಟರ್ ಇಲ್ಲಿ ರಾಜ, ಅದ್ರ 27 ಎನ್‌ಎಂ ಟಾರ್ಕ್ (ಎಳೆಯೋ ಬಲ) 4000 ಆರ್‌ಪಿಎಮ್ಮಿಗೇ ಪೂರ್ತಿ ಸಿಗತ್ತೆ, ಸೆಕೆಂಡಲ್ಲಿ ಹಾಕಿ ಬಿಟ್ರೆ ಎಮ್ಮೆ ಹಿಂದೆ ಬೇಕಾದ್ರೂ ಹೋಗ್ಬೋದು. ನನ್ನ 160ರಲ್ಲಿ ಕ್ಲಚ್ ಬಿಟ್ರೆ ಥ್ರಾಟಲ್ ಕೊಡ್ದೇ ತಾನೇ ತೆವಳತ್ತೆ, ಕಂಪನಿಯವ್ರು ಅದಕ್ಕೇನೋ ದೊಡ್ಡ ಹೆಸರು ಇಟ್ಟಿದಾರೆ, ನನಗೆ ಕೈನೋವು ತಪ್ಪಿದೆ ಅಷ್ಟು ಸಾಕು.

ಹಂಟರ್ ಬಗ್ಗೆ ನನ್ನ ತಕರಾರು ಒಂದೇ, ಬೇಸ್‌ಮೆಂಟ್ ರ‍್ಯಾಂಪ್. 181 ಕೆಜಿನ ಇಳಿಜಾರಲ್ಲಿ ಹಿಂದಕ್ಕೆ ತಳ್ಳಿ ತಿರುಗಿಸೋದು ನನ್ನ ಮೈಗೆ ಆಗಲ್ಲ. ಓಡ್ತಿರೋವಾಗ ತೂಕ ಗೊತ್ತೇ ಆಗಲ್ಲ, ಸೀಟೂ 790 ಎಂಎಂ, ಕಾಲು ಸಿಗತ್ತೆ. ನಿಂತಾಗ ಒಂದ್ ಕಡೆ ವಾಲಿದ್ರೆ ಮಾತ್ರ ನಾನು ಹಿಡಿಯೋದು ಡೌಟು. ತಮ್ಮನ ಹತ್ರ ಓಡಿಸೋವಾಗ ಯೂಟರ್ನಲ್ಲಿ ಅವ್ನು ಹಿಂದಿಂದ "ಅಕ್ಕಾ, ಮುಂದಿನ ಬ್ರೇಕ್ ಮುಟ್ಬೇಡ, ಹಿಂದಿಂದು ಒತ್ತು" ಅಂತ ಕಿರುಚ್ತಿದ್ದ, ಅವ್ನು ಹೇಳೋದು ಸರಿನೇ, ಹ್ಯಾಂಡಲ್ ತಿರುಗಿರೋವಾಗ ಮುಂದಿನ ಡಿಸ್ಕ್ ಹಿಡಿದ್ರೆ ಯಾವ ಬೈಕಾದ್ರೂ ಮಲ್ಕೊಳ್ಳತ್ತೆ. ಉದ್ದಗಿರೋರು, ಮನೆ ಮುಂದೆ ಸಮ ಜಾಗ ಇರೋರು ಯೋಚ್ನೆ ಇಲ್ದೆ ಹಂಟರ್ ತಗೊಳ್ಳಿ.

400ರ ಪರ ಮಾತಾಡೋರು ಒಂದ್ ಪಾಯಿಂಟ್ ಹಾಕ್ತಾರೆ, ಯುರೋಪಲ್ಲಿ ಎ2 (ಮಧ್ಯಮ ಪವರ್ ಬೈಕುಗಳ) ಲೈಸೆನ್ಸ್ ಮಿತಿ 35 ಕಿಲೋವ್ಯಾಟ್, ಅಂದ್ರೆ 47 ಎಚ್‌ಪಿ, 400 ಅದ್ರೊಳಗೇ ಬರತ್ತೆ, ಹಾಗಾಗಿ ಬಿಗಿನರ್ ಬೈಕೇ ಅಂತ. ಬರತ್ತೆ, ಸುಳ್ಳಲ್ಲ. ಆದ್ರೆ ಅಲ್ಲಿ ಲೈಸೆನ್ಸ್ ಟೆಸ್ಟಲ್ಲೇ ಗಂಟೆಗೆ 50 ಕಿ.ಮೀ.ಲಿ ಬಂದು ತಟ್ಟಂತ ಬ್ರೇಕ್ ಹಾಕಿ ತೋರಿಸ್ಬೇಕು, ಅದೇ ಸ್ಪೀಡಲ್ಲಿ ಅಡ್ಡ ಸಿಕ್ಕಿದ್ದನ್ನ ತಪ್ಪಿಸಿ ತೋರಿಸ್ಬೇಕು. ನಾವು ಡ್ರೈವಿಂಗ್ ಸ್ಕೂಲಿನ ಹಳೇ 100 ಸಿಸಿ ಗಾಡೀಲಿ ಕಾಲು ಊರದೆ 8 ಹಾಕಿ ಬಂದೋರು. ನಮ್ಮ ಲೈಸೆನ್ಸಲ್ಲಿ ಗೇರ್ ಇರೋದು, ಗೇರ್ ಇಲ್ದಿರೋದು ಅಂತ ಎರಡೇ ಭಾಗ, ಹದಿನೆಂಟು ತುಂಬಿದೋನು ಎಲ್ ಬೋರ್ಡ್ ಹಾಕ್ಕೊಂಡು ಹಯಾಬುಸಾದಂಥ ಸೂಪರ್‌ಬೈಕ್ ಹತ್ತಿದ್ರೂ ಕಾನೂನು ಕೇಳಲ್ಲ.

ದುಡ್ಡಿನ ಲೆಕ್ಕದಲ್ಲಿ 350 ಸಿಸಿ ಒಂದು ಗಡಿ ಅಂತ ನೆನಪಿಟ್ಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ 350ರವರೆಗೆ ಜಿಎಸ್‌ಟಿ ಶೇ 18, ಅದನ್ನ ದಾಟಿದ್ರೆ ಶೇ 40. ಥರ್ಡ್ ಪಾರ್ಟಿ ಇನ್ಶೂರೆನ್ಸೂ ಹಾಗೇ, 2022ರ ದರದಲ್ಲಿ 150ರಿಂದ 350ರವರೆಗೆ ವರ್ಷಕ್ಕೆ 1,366 ರೂಪಾಯಿ, ಮೇಲಾದ್ರೆ 2,804. ಹೊಸ ಬೈಕಿಗೆ ಐದು ವರ್ಷದ್ದು ಒಟ್ಟಿಗೇ ಕಟ್ಬೇಕು, 7,365 ಎಲ್ಲಿ, 15,117 ಎಲ್ಲಿ. ಹೊಸಬ್ರು ನಿಂತ ಜಾಗದಲ್ಲೇ ಬೀಳಿಸ್ತಾರೆ, ಬಿದ್ರೆ ಲಿವರ್, ಇಂಡಿಕೇಟರ್, ಹ್ಯಾಂಡಲ್, ಆ ಬಿಲ್ಲಲ್ಲೂ 400 ಮುಂದೆ.

ಹೈವೇಲಿ 400 ಸೂಪರ್, ಅದ್ರಲ್ಲಿ ಎರಡು ಮಾತಿಲ್ಲ, ತುಮಕೂರು ದಾರೀಲಿ ಲಾರಿ ಓವರ್‌ಟೇಕ್ ಮಾಡೋದು ಆಟ. 160ಕ್ಕೆ ಅಲ್ಲಿ ಗೇರ್ ಇಳಿಸಿ ಜಾಗ ನೋಡ್ಕೊಂಡು ನುಗ್ಬೇಕು. ಆದ್ರೆ ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್‌ವೇಲಿ 2023ರ ಆಗಸ್ಟಿಂದ ಬೈಕ್ ಬಿಡೋದೇ ಇಲ್ಲ, ಸರ್ವಿಸ್ ರೋಡಲ್ಲಿ 160 ಹೋದಷ್ಟೇ 400 ಹೋಗೋದು.

ಹಾಗಾದ್ರೆ 400 ಯಾರಿಗೆ ಅಂದ್ರೆ, ಒಂದೆರಡು ವರ್ಷ ಮಳೆಗಾಲನೂ ಸೇರಿ 150, 160 ಓಡಿಸಿ ಬ್ರೇಕು ಕ್ಲಚ್ಚು ಯೋಚ್ನೆ ಮಾಡ್ದೇ ಬರೋರಿಗೆ. ಇಲ್ಲ, ನನಗೆ ಈಗ್ಲೇ ಬೇಕು ಅನ್ನೋರು ಸೆಕೆಂಡ್ ಹ್ಯಾಂಡ್ ನೋಡಿ. ಕಡಿಮೆ ಕಿ.ಮೀ. ಓಡಿದೆ ಅಂತ ಖುಷಿಪಡೋಕ್ ಮುಂಚೆ ಕೂತು ಮೂರು ಜಾಗ ಗಮನಿಸಿ, ಕ್ಲಚ್ ಲಿವರ್ ತುದಿ, ಹ್ಯಾಂಡಲ್ ಕೊನೇಲಿರೋ ಬಾರ್ ಎಂಡ್, ಫುಟ್‌ಪೆಗ್ ಅಂಚು. ಮೂರೂ ಒಂದೇ ಪಕ್ಕದಲ್ಲಿ ಕೆರೆದಿದ್ರೆ ಆ ಬೈಕ್ ಮಲಗಿ ಎದ್ದಿದೆ. ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ ಟ್ಯಾಂಕಿಗೆ ತಗಲತ್ತಾ ನೋಡಿ, ತಗಲಿದ್ರೆ ರೇಟ್ ಕೇಳೋ ಕೆಲ್ಸ ಇಲ್ಲ, ಕೀ ವಾಪಸ್ ಕೊಟ್ಟು ಬನ್ನಿ.