ಚಿಕ್ಕಮಗಳೂರಿನ ಹಳೇ ಸಾಮಾನಿನ ಅಂಗಡಿಯಲ್ಲಿ ಪಾದರಸದ ಬಿಪಿ ಯಂತ್ರಗಳು: ನೋಡಿ ಕೊಳ್ಳಿ

ಎಂ.ಜಿ. ರಸ್ತೆ ಹಿಂದಿನ ಓಣಿಯ ಈ ಅಂಗಡಿಗೆ ಗ್ರಾಮಫೋನು, ಹಿತ್ತಾಳೆ ದೀಪ ಹುಡುಕಿಕೊಂಡು ಬರುವವರೇ ಜಾಸ್ತಿ. ಒಳಗಿನ ಕಪಾಟಿನಲ್ಲಿರುವ ಬಿಪಿ ಯಂತ್ರಗಳನ್ನು ಯಾರೂ ಕೇಳುವುದಿಲ್ಲ. ಅಲ್ಲಿ ನೋಡಲೇಬೇಕಾದ್ದು ಅವೇ. ಕಾಫಿ ತೋಟಗಳ ಡಿಸ್ಪೆನ್ಸರಿಗಳಿಂದ, ಮುಚ್ಚಿದ ಕ್ಲಿನಿಕ್ಕುಗಳಿಂದ ಬಂದ ಮಾಲು ಎನ್ನುತ್ತಾರೆ ಮಾಲೀಕರು. ಉದ್ದ ಪೆಟ್ಟಿಗೆಯ ಪಾದರಸದವು ಒಂದೂವರೆ ಸಾವಿರದಿಂದ ಶುರು, ಪಾದರಸವಿಲ್ಲದ, ಗುಂಡು ಡಯಲಿನ ಅನೆರಾಯ್ಡ್‌ಗಳು ಅದಕ್ಕಿಂತ ಅಗ್ಗ.

ರಕ್ತದ ಒತ್ತಡ ಅಳೆಯಲು ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್ ಮಾಡಿ 1733ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕುದುರೆಯ ರಕ್ತ ಗಾಜಿನ ಕೊಳವೆಯಲ್ಲಿ ಎಂಟು ಅಡಿಗೂ ಮೇಲೆ ಏರಿತ್ತು. ಪಾದರಸ ನೀರಿಗಿಂತ 13.6 ಪಟ್ಟು ಭಾರ. 1828ರಲ್ಲಿ ಫ್ರಾನ್ಸಿನ ಪ್ವಾಸೈ ಅದನ್ನು ಬಳಸಿದ ಮೇಲೆ ಕೊಳವೆ ಮೇಜಿನ ಮೇಲೆ ಕೂರುವಷ್ಟು ಗಿಡ್ಡವಾಯಿತು. ತೋಳಿಗೆ ಗಾಳಿ ಪಟ್ಟಿ ಸುತ್ತುವ ಉಪಾಯ ಇಟಲಿಯ ವೈದ್ಯ ರಿವಾ-ರೊಚ್ಚಿಯದು, 1896ರದು. ಅವರ ಪಟ್ಟಿ ತೀರಾ ಕಿರಿದು, ಹಾಗಾಗಿ ಅಂಕಿ ಇರುವುದಕ್ಕಿಂತ ಹೆಚ್ಚು ತೋರಿಸುತ್ತಿತ್ತು. 1901ರಲ್ಲಿ ಜರ್ಮನಿಯ ಫಾನ್ ರೆಕ್ಲಿಂಗ್‌ಹೌಸನ್ ಪಟ್ಟಿಯನ್ನು ಅಗಲಿಸಿದರು. ಮೊದಲೆಲ್ಲ ನಾಡಿ ಹಿಡಿದು ಮೇಲಿನ ಅಂಕಿಯನ್ನಷ್ಟೇ ಹಿಡಿಯುತ್ತಿದ್ದರು. 1905ರಲ್ಲಿ ರಷ್ಯಾದ ವೈದ್ಯ ಕೊರೊಟ್ಕಾಫ್ ಸ್ಟೆತಾಸ್ಕೋಪಿನಲ್ಲಿ ಸದ್ದು ಕೇಳುವ ಕ್ರಮ ಹೇಳಿಕೊಟ್ಟ ಮೇಲೆ ಕೆಳಗಿನ ಅಂಕಿಯೂ ಸಿಕ್ಕಿತು.

ಈ ಅಂಗಡಿಯ ದೊಡ್ಡ ಕೊರತೆಯೂ ಪಟ್ಟಿಯದ್ದೇ. ದೊಡ್ಡವರ ಯಂತ್ರಕ್ಕೆ ಮಕ್ಕಳ ಪಟ್ಟಿ ಸಿಕ್ಕಿಸಿ ಇಟ್ಟಿದ್ದಾರೆ. ಒಳಗಿನ ರಬ್ಬರ್ ಚೀಲದ ಅಗಲ ತೋಳಿನ ಸುತ್ತಳತೆಯ ಶೇ. 40ರಷ್ಟಾದರೂ ಇರಬೇಕು. 30 ಸೆಂಟಿಮೀಟರ್ ತೋಳಿಗೆ 12 ಸೆಂಟಿಮೀಟರ್. ಟೇಪು ಹಿಡಿದೇ ಹೋಗಿ. ಮಲೆನಾಡಿನ ಮಳೆಗಾಲದ ತೇವಕ್ಕೆ ರಬ್ಬರು ಜಿಗುಟಾಗಿ ಒಂದಕ್ಕೊಂದು ಅಂಟಿರುತ್ತದೆ, ಅದಕ್ಕೆ ಚೀಲ, ನಳಿಗೆ, ಗಾಳಿ ಒತ್ತುವ ಬಲ್ಬ್ ಮೂರೂ ಹೊಸದು ಹಾಕಿಸುವ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ.

ಪಾದರಸದ ಯಂತ್ರ ನೋಡುವ ಕ್ರಮ ಹೀಗೆ. ಸಮತಟ್ಟಾದ ಕಡೆ ನಿಲ್ಲಿಸಿ, ಬುಡದಲ್ಲಿ ಪಾದರಸ ತಡೆಯುವ ಬೀಗ ತೆರೆದರೆ ಪಾದರಸದ ಉಬ್ಬಿದ ತುದಿ ಸರಿಯಾಗಿ 0ಗೆ ಬರಬೇಕು. ಕಣ್ಣು ಅದೇ ಮಟ್ಟದಲ್ಲಿರಲಿ. ತುದಿ 0ಗಿಂತ ಕೆಳಗಿದ್ದರೆ ಪಾದರಸ ಸೋರಿ ಕಡಿಮೆಯಾಗಿದೆ, ಓದುವ ಅಂಕಿಯೂ ಕಡಿಮೆಯೇ ಬರುತ್ತದೆ. ಪಟ್ಟಿಯನ್ನು ಬಾಟಲಿಗೆ ಸುತ್ತಿ 200 ಮಿಲಿಮೀಟರಿಗೆ ಏರಿಸಿ, ಬಲ್ಬಿನ ವಾಲ್ವ್ ಬಿಗಿ ಮಾಡಿ ಒಂದು ನಿಮಿಷ ಕಾಯಿರಿ. ಸಣ್ಣಗೆ ಇಳಿಯುತ್ತಲೇ ಇದ್ದರೆ ಸೋರಿಕೆ. ನಳಿಗೆಯನ್ನು ಯಂತ್ರದ ಹತ್ತಿರ ಮಡಚಿ ಹಿಡಿದಾಗ ನಿಂತರೆ ದೋಷ ಬಲ್ಬು ಅಥವಾ ಪಟ್ಟಿಯದು, ಆಗಲೂ ಇಳಿದರೆ ಯಂತ್ರದ್ದೇ.

ಎಲ್ಲರೂ ಬಿಟ್ಟುಬಿಡುವ ಭಾಗ ಗಾಜಿನ ಕೊಳವೆಯ ನೆತ್ತಿಯಲ್ಲಿರುವ ತೆಳು ಚರ್ಮದ ಬಿಲ್ಲೆ. ಗಾಳಿ ಅದರ ಮೂಲಕವೇ ಆಡಬೇಕು, ಪಾದರಸ ಮಾತ್ರ ಹೊರಬರಬಾರದು. ಧೂಳು, ಬೂಷ್ಟು ಕಟ್ಟಿದರೆ ಗಾಳಿ ಸಿಕ್ಕಿಬೀಳುತ್ತದೆ. ವಾಲ್ವ್ ಪೂರ್ತಿ ಬಿಟ್ಟಾಗ ಪಾದರಸ ಸರ್ರನೆ ಇಳಿಯದೆ ತೆವಳಿದರೆ ಬಿಲ್ಲೆ ಬದಲಿಸಲೇಬೇಕು. ಕೊಳವೆಯ ಒಳಗೋಡೆಗೆ ಕಪ್ಪು ಮಸಿ ಹತ್ತಿದ್ದರೆ ಪಾದರಸ ಕೊಳೆಯಾಗಿದೆ.

ಅನೆರಾಯ್ಡ್ ಕೂಡ ‘ಅಷ್ಟೇ ಕರಾರುವಾಕ್ಕು’ ಎಂದು ಮಾಲೀಕರು ಹೇಳುವುದನ್ನು ಒಪ್ಪಲಾಗದು. ಒಮ್ಮೆ ಕೈಜಾರಿ ಬಿದ್ದರೂ ಒಳಗಿನ ಹಲ್ಲುಚಕ್ರ ಸರಿಯುತ್ತದೆ, ಮುಳ್ಳು ಸೊನ್ನೆಯಲ್ಲೇ ನಿಂತಿದ್ದರೂ ಸೊನ್ನೆಗಿಂತ ಮೇಲಿನ ಅಂಕಿಗಳು ತಪ್ಪಿರಬಹುದು. ಆದರೆ ಅವರು ಒಂದೇ ಗಾಳಿ ಎರಡು ಯಂತ್ರಕ್ಕೂ ಹೋಗುವ ಟಿ ಆಕಾರದ ಜೋಡಣೆ ಕೊಟ್ಟು, ಒಳ್ಳೆಯ ಪಾದರಸದ ಯಂತ್ರದ ಜೊತೆ ಹೋಲಿಸಿ ನೋಡಲು ಬಿಡುತ್ತಾರೆ. ಇದು ದೊಡ್ಡ ಉಪಕಾರ. 50, 100, 150, 200ರಲ್ಲಿ ನೋಡಿ, 3 ಮಿಲಿಮೀಟರಿಗಿಂತ ವ್ಯತ್ಯಾಸವಿದ್ದರೆ ಬಿಡಿ.

ಪಾದರಸ ತುಂಬಿಕೊಡುತ್ತೇವೆ ಎಂದರೆ ಬೇಡವೆನ್ನಿ. ಅದರ ವಿಷದ ಆವಿಗೆ ವಾಸನೆಯೇ ಇಲ್ಲ, ಗಾಳಿಯಾಡದ ಕೋಣೆಯಲ್ಲಿ ತುಂಬಿಕೊಂಡರೂ ಗೊತ್ತಾಗುವುದಿಲ್ಲ. ಪಾದರಸದ ಬಳಕೆ ತಗ್ಗಿಸಲು ದೇಶಗಳು ಮಾಡಿಕೊಂಡ 2013ರ ಮಿನಮಾಟ ಒಪ್ಪಂದ ಇಂಥ ಯಂತ್ರಗಳ ತಯಾರಿಕೆಗೆ 2020ರ ಗಡುವು ಇಟ್ಟಿದ್ದೂ ಪಾದರಸದ ಅಪಾಯಕ್ಕಾಗಿಯೇ. ಸಂಗ್ರಹಕ್ಕೆ ಕೊಳ್ಳಿ, ಮನೆಯಲ್ಲಿ ದಿನಾ ಬಿಪಿ ನೋಡಲು ಡಿಜಿಟಲ್ ಸಾಕು. ಚೆಲ್ಲಿದರೆ ಪೊರಕೆ, ವ್ಯಾಕ್ಯೂಮ್ ಕ್ಲೀನರ್ ಎರಡೂ ಬೇಡ. ಕಿಟಕಿ ತೆರೆದು, ಟಾರ್ಚ್ ಓರೆಯಾಗಿ ಹಿಡಿದು, ಗಟ್ಟಿ ಕಾಗದದಿಂದ ಹನಿಗಳನ್ನು ಒಟ್ಟುಮಾಡಿ, ನೀರು ಹಾಕಿದ ಬಾಟಲಿಯಲ್ಲಿ ಮುಚ್ಚಿಡಿ. ಕೈಯಲ್ಲಿ ಚಿನ್ನದ ಉಂಗುರ ಇರಬಾರದು.

ಮನೆಗೆ ತರುವ ಮುನ್ನ ಪೆಟ್ಟಿಗೆಯನ್ನು ಪಾದರಸದ ಬಟ್ಟಲಿನ ಕಡೆಗೆ ವಾಲಿಸಿ, ಪಾದರಸವೆಲ್ಲ ಇಳಿದ ಮೇಲೆ ಬೀಗ ಹಾಕಿ, ನಂತರ ಮುಚ್ಚಳ ಮುಚ್ಚಿ. ಘಾಟಿಯ ತಿರುವುಗಳಲ್ಲಿ ಬಸ್ಸಿನ ಕ್ಯಾರಿಯರಿನಲ್ಲಿ ಹಾಕದೆ ತೊಡೆಯ ಮೇಲೇ ಇಟ್ಟುಕೊಳ್ಳಿ.